ಎಂಜಿನ್ ಮನೆಯ ದುಂಡು ರಂಗ

ಲಂಡನ್ನಿನ ಚಾಕ್ ಫಾರ್ಮ್‌ನಲ್ಲಿರುವ ರೌಂಡ್‌ಹೌಸ್ ದುಂಡಗಿರುವುದು ಚೆಂದಕ್ಕಲ್ಲ, ರೈಲು ಎಂಜಿನ್‌ಗಳಿಗಾಗಿ. 1847ರ ಈ ಶೆಡ್ಡಿನ ನಟ್ಟನಡುವೆ ಟರ್ನ್‌ಟೇಬಲ್ ಇತ್ತು. ಒಳಬಂದ ಎಂಜಿನ್ನನ್ನು ಅದರ ಮೇಲೆ ನಿಲ್ಲಿಸಿ, ತಿರುಗಿಸಿ, ಸುತ್ತಲಿನ 23 ಅಂಕಣಗಳಲ್ಲಿ ಖಾಲಿಯಿದ್ದ ಒಂದಕ್ಕೆ ಸರಿಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ಎಂಜಿನ್‌ಗಳು ಉದ್ದವಾದವು, ಮನೆ ಸಾಲದಾಯಿತು. ಆಮೇಲೆ ಬಹುಕಾಲ ಅದು ಗಿಲ್ಬಿ ಕಂಪನಿಯ ಮದ್ಯದ ಗೋದಾಮು. ದುಡಿಯುವ ಜನಕ್ಕೂ ಕಲೆ ಸಿಗಬೇಕೆಂದು ಹಂಬಲಿಸಿದ ನಾಟಕಕಾರ ಆರ್ನಾಲ್ಡ್ ವೆಸ್ಕರ್ 1964ರಲ್ಲಿ ತಮ್ಮ ಸೆಂಟರ್ 42 ಸಂಸ್ಥೆಯನ್ನು ಇಲ್ಲಿಗೆ ತಂದರು, ಗೋದಾಮು ರಂಗವಾಯಿತು. 1983ರಲ್ಲಿ ಬಾಗಿಲು ಮುಚ್ಚಿತು. ದುರಸ್ತಿಯಾಗಿ ಮತ್ತೆ ತೆರೆದದ್ದು 2006ರಲ್ಲಿ.

ಒಳಗೆ ವೃತ್ತಾಕಾರವಾಗಿ ನಿಂತ 24 ಬೀಡುಕಬ್ಬಿಣದ ಕಂಬಗಳು ಚಾವಣಿಯನ್ನು ಹೊತ್ತಿವೆ. ನೋಟಕ್ಕೆ ಅಡ್ಡ ಬರುತ್ತವೆ ಎಂಬ ದೂರು ಸುಳ್ಳಲ್ಲ. ರಾಕ್ ಸಂಗೀತಕ್ಕೆಂದು ಒಂದು ಬದಿಯಲ್ಲಿ ವೇದಿಕೆ ಹಾಕಿದಾಗಲಂತೂ ಕಂಬದ ಹಿಂದೆ ಸಿಕ್ಕಿಬಿದ್ದವರು ಇಡೀ ಸಂಜೆ ಕತ್ತು ಓರೆ ಮಾಡಬೇಕು. ಆದರೆ ತಪ್ಪು ಕಂಬದ್ದಲ್ಲ, ದುಂಡು ಮನೆಗೆ ಚೌಕದ ಲೆಕ್ಕ ಹಚ್ಚಿದವರದು ಎನ್ನುತ್ತೇನೆ ನಾನು.

ಲೆಕ್ಕ ಸರಿಹೋದಾಗ ಏನಾಗುತ್ತದೆ ಎಂಬುದಕ್ಕೆ ಸಂಗೀತಗಾರ ಡೇವಿಡ್ ಬರ್ನ್ ಇಲ್ಲಿ 2009ರಲ್ಲಿ ಮಾಡಿದ ಕೆಲಸ ನೋಡಬೇಕು. ನೆಲದ ಮೇಲೆ ಒಂದು ಹಳೆಯ ಆರ್ಗನ್. ಅದರ ಕೀಲಿಮಣೆಯಿಂದ ಹೊರಟ ಕೊಳವೆ, ತಂತಿಗಳು ಕಟ್ಟಡದ ಮೈಯನ್ನೇ ಸೇರಿದ್ದವು. ಒಂದು ಕೀಲಿ ಒತ್ತಿದರೆ ಸುತ್ತಿಗೆ ಕಂಬಕ್ಕೆ ಬಡಿದು ಕಬ್ಬಿಣ ಠಣ್ಣೆನ್ನುತ್ತಿತ್ತು. ಇನ್ನೊಂದಕ್ಕೆ ಕೊಳವೆ ಊಳಿಡುತ್ತಿತ್ತು, ಮತ್ತೊಂದಕ್ಕೆ ತೊಲೆ ಗುಂಯ್‌ಗುಡುತ್ತಿತ್ತು. ಬಂದವರು ಯಾರು ಬೇಕಾದರೂ ಕೂತು ನುಡಿಸಬಹುದಿತ್ತು. ಅಡ್ಡಿಯೆನಿಸಿದ ಕಂಬವೇ ವಾದ್ಯ! ಎರಡು ವರ್ಷದ ಬಳಿಕ ವಿನ್ಯಾಸಕಾರ ರಾನ್ ಅರಾದ್ 18 ಮೀಟರ್ ಅಗಲದ ಬಳೆಯೊಂದನ್ನು ಮೇಲೆ ಕಟ್ಟಿ, 5,600 ಸಿಲಿಕೋನ್ ಎಳೆಗಳನ್ನು ಇಳಿಬಿಟ್ಟು, ಅವುಗಳ ಮೇಲೆ ಚಿತ್ರಗಳನ್ನು ಹರಿಸಿದರು. ಹೊರಗೆ ನಿಂತೂ ನೋಡಬಹುದು, ಎಳೆಗಳನ್ನು ಸರಿಸಿಕೊಂಡು ಒಳಹೊಕ್ಕೂ ನೋಡಬಹುದು. ಇಬ್ಬರೂ ವೃತ್ತವನ್ನು ಒಪ್ಪಿಕೊಂಡೇ ಕೆಲಸ ಶುರು ಮಾಡಿದವರು.

2006ರ ದುರಸ್ತಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವುದು ನೆಲಮಾಳಿಗೆ. ಬಂಡಿಚಕ್ರದ ಅರೆಕಾಲುಗಳಂತೆ ಹರಡಿದ ಇಟ್ಟಿಗೆ ಗೋಡೆಗಳ ನಡುವೆ ಹುಡುಗ ಹುಡುಗಿಯರಿಗಾಗಿ ಸ್ಟುಡಿಯೋಗಳನ್ನು ಮಾಡಿದ್ದಾರೆ. ಒಂದೊಂದೂ ಬೆಣೆಯಾಕಾರದ ಜಾಗ. ಆ ಗೋಡೆಗಳನ್ನು ಒಡೆದು ನೇರ ಮಾಡುವ ಆಸೆಗೆ ಯಾರೂ ಬೀಳಲಿಲ್ಲ. ಎಂಜಿನ್‌ಗಳ ಭಾರ ಹೊರಲೆಂದು ಎಬ್ಬಿಸಿದ್ದ ಗೋಡೆಗಳ ನಡುವೆ ಈಗ ಡ್ರಮ್ಮಿನ ತಾಲೀಮು.