ಧನ, ದನ, ಪೆಕ್ಯೂನಿಯರಿ

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಪರೀಕ್ಷೆಗೆ ಓದುವ ಹುಡುಗರು ಇಂಗ್ಲಿಷ್ ಪದಗಳನ್ನು ಗಿಣಿಪಾಠ ಒಪ್ಪಿಸುವುದು ಕಿವಿಗೆ ಬಿದ್ದರೆ ನನಗೆ ಸಂಕಟ. ‘ಪೆಕ್ಯೂನಿಯರಿ ಅಂದ್ರೆ ಹಣಕ್ಕೆ ಸಂಬಂಧಿಸಿದ್ದು.’ ಮುಗೀತು, ಮುಂದಿನದು. ಅಯ್ಯೋ, ಇಂಥ ರಸವತ್ತಾದ ಪದವನ್ನು ಅಗಿಯದೇ ನುಂಗುವುದೇ!

ಸ್ವಲ್ಪ ನಿಧಾನಿಸಿ. ಲ್ಯಾಟಿನ್ನಿನಲ್ಲಿ ‘ಪೆಕೂನಿಯಾ’ ಎಂದರೆ ಹಣ. ಅದರ ಬೆನ್ನಿಗೇ ಇರುವುದು ‘ಪೆಕು’, ದನಕುರಿಗಳ ಮಂದೆ. ನಾಣ್ಯ ಟಂಕಿಸುವುದಕ್ಕೆ ಮುಂಚೆ ಆಸ್ತಿಯೆಂದರೆ ಹಟ್ಟಿಯಲ್ಲಿ ಮೆಲುಕು ಹಾಕುತ್ತಿದ್ದದ್ದೇ. ಈಗ ಆ ‘ಪೆಕು’ವನ್ನು ಬಾಯಲ್ಲಿ ಇನ್ನೊಮ್ಮೆ ಆಡಿಸಿ. ಲ್ಯಾಟಿನ್ನಿನಲ್ಲಿ ಎಕಾರ ಇದ್ದಲ್ಲಿ ಸಂಸ್ಕೃತದಲ್ಲಿ ಅಕಾರ, ಕಕಾರ ಇದ್ದಲ್ಲಿ ಶಕಾರ. ಅಲ್ಲಿಯ ‘ಡೆಕೆಮ್’ ಇಲ್ಲಿ ದಶ, ‘ಕೆಂಟುಮ್’ ಶತ. ಹಾಗಾದರೆ ‘ಪೆಕು’? ಪಶು!

ಇದಕ್ಕಿಂತ ರುಚಿಯಾದದ್ದು ಇನ್ನೂ ಇದೆ. ಸಂಸ್ಕೃತದ ಧನ ಕನ್ನಡಕ್ಕೆ ಬರುವಾಗ ತನ್ನ ಮಹಾಪ್ರಾಣವನ್ನು ಹೊಸ್ತಿಲಲ್ಲೇ ಬಿಟ್ಟು ದನವಾಯಿತು. ಐಶ್ವರ್ಯವೇ ಕೊಂಬು ಮೂಡಿಸಿಕೊಂಡು, ಗಂಗೆದೊಗಲು ತೂಗಿಸುತ್ತ, ಗಂಟೆ ಅಲುಗಿಸುತ್ತ ಕೊಟ್ಟಿಗೆಗೆ ನಡೆದು ಬಂತು. ರೋಮಿನವರು ದನದಿಂದ ಹಣಕ್ಕೆ ಹೋದರು, ನಾವು ಹಣದಿಂದ ದನಕ್ಕೆ ಬಂದೆವು.

ಈ ಪದವನ್ನು ಸವಿಯಲು ಬಳ್ಳಾರಿಯೇ ತಕ್ಕ ಊರು. 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚು ಮಾಡಿಸಿದ ರೀವ್ ಪಾದ್ರಿ ಇಲ್ಲಿದ್ದವರು ಎಂದಷ್ಟೇ ಅಲ್ಲ. ಸಂಗನಕಲ್ಲು–ಕಪ್ಪಗಲ್ಲಿನ ಹಿರೇಗುಡ್ಡಕ್ಕೆ ಹೋಗಿ ನೋಡಿ. ಕರೀ ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಕಲ್ಲಿಂದ ಕುಟ್ಟಿ ಕುಟ್ಟಿ ಮೂಡಿಸಿದ ಎತ್ತು, ಗೂಳಿಗಳಿವೆ. ಉಬ್ಬಿದ ಹಿಣಿಲು, ನೀಳವಾಗಿ ಬಾಗಿದ ಕೋಡು, ಎರಡೇ ಗೆರೆಯಲ್ಲಿ ಇಡೀ ಮೈಯ ಗತ್ತು. ಕುಡತಿನಿಯ ಬೂದಿದಿಬ್ಬವಂತೂ ಅವರ ಹಟ್ಟಿಯ ಸಗಣಿ ಸುಟ್ಟು ಬೆಳೆದದ್ದು. ಪೆಕ್ಯೂನಿಯರಿಗೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ಯಾವ ನಿಘಂಟಿನಲ್ಲಿದೆ?

‘ಪೆಕ್ಯುಲಿಯರ್’ ಕೂಡ ಇದೇ ಹಟ್ಟಿಯದು. ರೋಮಿನ ಯಜಮಾನ ಮಗನಿಗೋ ಆಳಿಗೋ ಸ್ವಂತಕ್ಕೆಂದು ಬಿಟ್ಟುಕೊಟ್ಟ ಪುಟ್ಟ ಗಂಟು ‘ಪೆಕೂಲಿಯಮ್’. ಅವನೊಬ್ಬನಿಗೇ ಸೇರಿದ್ದು ಎಂಬ ಅರ್ಥ ಬರುಬರುತ್ತ ‘ವಿಚಿತ್ರ’ಕ್ಕೆ ತಿರುಗಿತು. ಸಾರ್ವಜನಿಕರ ಹಣ ನುಂಗುವುದಕ್ಕೆ ಇಂಗ್ಲಿಷಿನಲ್ಲಿ ‘ಪೆಕ್ಯುಲೇಶನ್’ ಎಂಬ ಘನವಾದ ಹೆಸರುಂಟು. ಕೋರ್ಟಿನ ಕಾಗದದಲ್ಲಿ ಅದೆಷ್ಟೇ ಗಂಭೀರವಾಗಿ ಕೂತಿರಲಿ, ಬೇರು ಹಿಡಿದು ಜಗ್ಗಿದರೆ ಹೊರಬರುವುದು ದನಗಳ್ಳತನವೇ.