ಸ್ಟಾರ್ ಹಾಕಿ ಮುಂದೆ ಹೋಗುವ ಮೊದಲು

ಬ್ರೌಸರಿನ ಕನ್ಸೋಲಿನಲ್ಲಿ ಕೆಂಪು ಸಾಲು ಕಂಡ ಕೂಡಲೇ ‘ಕೋರ್ಸ್ ಅಡ್ಡ ಬಂತು’ ಎನ್ನುವುದು ಡೆವಲಪರುಗಳ ರೂಢಿ. ಅಡ್ಡ ಬರುವುದು ನೆಟ್‌ಸ್ಕೇಪ್ ಕಾಲದಿಂದ ಇರುವ ಸೇಮ್ ಒರಿಜಿನ್ ನಿಯಮ. ಕ್ರಾಸ್ ಒರಿಜಿನ್ ರಿಸೋರ್ಸ್ ಶೇರಿಂಗ್, ಅಂದರೆ ಕೋರ್ಸ್, ಆ ನಿಯಮವನ್ನು ಸಡಿಲಿಸಲು ಸರ್ವರ್ ಕೊಡುವ ಅನುಮತಿ. ಇದನ್ನು ತಲೆಕೆಳಗಾಗಿ ತಿಳಿದವರಿಗೆ ಕೋರ್ಸ್ ಆನ್ ಮಾಡುವುದು ಬರೀ ರಿಪೇರಿ ಕೆಲಸ. ಭದ್ರತೆಯ ನಿರ್ಧಾರವೊಂದು ಯೋಚನೆಯಿಲ್ಲದೆ ಆಗಿಹೋಗುತ್ತದೆ.

ರಿಯಾಕ್ಟ್ ಪುಟ 5173ನೇ ಪೋರ್ಟಿನಲ್ಲಿ, ಫ್ಲಾಸ್ಕ್ 5000ದಲ್ಲಿ ಓಡುತ್ತಿವೆ ಎನ್ನಿ. ಲ್ಯಾಪ್‌ಟಾಪ್ ಒಂದೇ ಆದರೂ ಪೋರ್ಟ್ ಬೇರೆ, ಹಾಗಾಗಿ ಬ್ರೌಸರಿನ ಲೆಕ್ಕದಲ್ಲಿ ಒರಿಜಿನ್ನೂ ಬೇರೆ. ಫ್ಲಾಸ್ಕ್-ಕೋರ್ಸ್ ಸೇರಿಸಿ ಒಂದು ಸಾಲು ಬರೆದರೆ ಸಾಕು, ಎಲ್ಲ ಒರಿಜಿನ್‌ಗಳಿಗೂ ಅನುಮತಿ ಕೊಡುವ ಸ್ಟಾರ್ (*) ಉತ್ತರದ ಹೆಡರಿಗೆ ಬಂದುಬಿಡುತ್ತದೆ.

ಸ್ಟಾರ್ ಎಂದರೇ ಅಪಾಯ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಲಾಗಿನ್ ಬೇಡದ, ಎಲ್ಲರಿಗೂ ತೆರೆದ ಮಾಹಿತಿಗೆ ಅದು ಸರಿಯೇ. ಕುಕೀ ಹೊತ್ತ ರಿಕ್ವೆಸ್ಟಿಗೆ ಸ್ಟಾರ್ ಉತ್ತರವಾಗಿ ಬಂದರೆ ಬ್ರೌಸರ್ ಒಪ್ಪುವುದಿಲ್ಲ. ಅನಾಹುತ ಶುರುವಾಗುವುದು ಆಮೇಲೆ: ಬಂದ ಒರಿಜಿನ್ ಯಾವುದೇ ಇರಲಿ, ಅದನ್ನೇ ಉತ್ತರದ ಹೆಡರಿಗೆ ತುಂಬಿ, ಕ್ರೆಡೆನ್ಷಿಯಲ್ಸ್‌ಗೂ ಹೂಂ ಎನ್ನುವ ಕೋಡು ಬರೆದಾಗ. ಕುಕೀಗೆ ಸೇಮ್‌ಸೈಟ್ ಕಾವಲು ಇಲ್ಲದಿದ್ದರೆ, ಯಾವುದೋ ತಾಣ ಬಳಕೆದಾರರ ಲಾಗಿನ್ ಮೇಲೆಯೇ ಅವರ ಮಾಹಿತಿ ಓದಬಲ್ಲದು. ಬಿಟ್‌ಕಾಯಿನ್ ವಿನಿಮಯ ತಾಣಗಳಲ್ಲೂ ಇಂಥ ತಪ್ಪುಗಳಿದ್ದವೆಂದು ಭದ್ರತಾ ಸಂಶೋಧಕ ಜೇಮ್ಸ್ ಕೆಟಲ್ 2016ರಲ್ಲೇ ತೋರಿಸಿದ್ದರು.

ಕೋರ್ಸ್ ಬಿಗಿ ಮಾಡಿದರೆ ಸರ್ವರ್ ಸುರಕ್ಷಿತ ಎನ್ನುವುದೂ ಭ್ರಮೆ. ಕರ್ಲ್‌ನಂಥ ಸಾಧನಕ್ಕೆ ಈ ಹೆಡರುಗಳ ಹಂಗಿಲ್ಲ. ಮಾಮೂಲಿ ಫಾರ್ಮಿನಂಥ ಪೋಸ್ಟ್ ರಿಕ್ವೆಸ್ಟ್, ಬ್ರೌಸರ್ ಮೊದಲೇ ಅನುಮತಿ ಕೇಳುವ ಪ್ರಿಫ್ಲೈಟ್ ಇಲ್ಲದೆಯೇ ಸರ್ವರ್ ಮುಟ್ಟುತ್ತದೆ. ಡೇಟಾಬೇಸಿನಲ್ಲಿ ಕೆಲಸ ಆಗಿಹೋಗಿರಬಹುದು. ಬ್ರೌಸರ್ ಬಚ್ಚಿಡುವುದು ಉತ್ತರವನ್ನಷ್ಟೇ. ಲಾಗಿನ್ ತಪಾಸಣೆ, ಸಿಎಸ್ಆರ್‌ಎಫ್ ಟೋಕನ್ ಇವುಗಳ ಜಾಗವನ್ನು ಕೋರ್ಸ್ ತುಂಬಲಾರದು.

ಪುಟವೂ ಏಪಿಐಯೂ ನಿಮ್ಮದೇ ಆಗಿರುವ ಚಿಕ್ಕ ಆ್ಯಪಿಗೆ ಬಹುಪಾಲು ಕೋರ್ಸ್ ಬೇಕೇ ಇಲ್ಲ ಎಂಬುದು ನನ್ನ ವಾದ. ಡೆವಲಪ್‌ಮೆಂಟಿನಲ್ಲಿ ವೀಟ್‌ನ ಪ್ರಾಕ್ಸಿ ಇದೆ. ಪ್ರೊಡಕ್ಷನ್ನಿನಲ್ಲಿ ಎಂಜಿನ್‌ಎಕ್ಸ್ ಪುಟವನ್ನು ತಾನೇ ಕೊಟ್ಟು, ಏಪಿಐ ಹಾದಿಯ ಕರೆಗಳನ್ನು ಫ್ಲಾಸ್ಕಿಗೆ ದಾಟಿಸಲಿ. ಬ್ರೌಸರಿಗೆ ಕಾಣುವುದು ಒಂದೇ ಒರಿಜಿನ್; ಪ್ರಿಫ್ಲೈಟಿನ ಹೆಚ್ಚುವರಿ ಸುತ್ತೂ ತಪ್ಪುತ್ತದೆ. ಮುಂದೆ ಆ್ಯಂಡ್ರಾಯ್ಡ್ ಆ್ಯಪ್ ಬಂದರೆ ಬೇಕಾಗುತ್ತದಲ್ಲ ಎನ್ನುವವರಿದ್ದಾರೆ. ನೇರವಾಗಿ ಏಪಿಐ ಕರೆಯುವ ನೇಟಿವ್ ಆ್ಯಪಿಗೆ ಬ್ರೌಸರಿನ ಈ ನಿಯಮ ತಾಗುವುದೇ ಇಲ್ಲ.

ಬೇರೆ ಡೊಮೇನಿನ ಪುಟ ನಿಜಕ್ಕೂ ನಿಮ್ಮ ಏಪಿಐ ಕರೆಯಬೇಕೆಂದಾದರೆ, ಒಪ್ಪುವ ಒರಿಜಿನ್‌ಗಳನ್ನು ಪೂರ್ತಿಯಾಗಿ ಪಟ್ಟಿ ಮಾಡಿ. ಹೆಸರಿನ ಬಾಲ ಮಾತ್ರ ಹೋಲಿಸಿ ಒಳಗೆ ಬಿಡಬೇಡಿ. ಉತ್ತರದ ವೇರಿ ಹೆಡರಿನಲ್ಲಿ ಒರಿಜಿನ್ ಸೇರಿಸಿ. ಇಲ್ಲದಿದ್ದರೆ ಒಂದು ತಾಣಕ್ಕೆ ಕೊಟ್ಟ ಅನುಮತಿಯನ್ನೇ ಕ್ಯಾಶ್ ಇನ್ನೊಂದಕ್ಕೂ ಕೊಟ್ಟೀತು.