ಉಳಿದ ಮೂಲ, ಉರಿದ ವ್ಯಾಖ್ಯಾನ
ಗ್ರಂಥಭಂಡಾರವೆಂದರೆ ಪುಸ್ತಕಗಳ ರಾಶಿಯಲ್ಲ. ಒಂದು ಗ್ರಂಥಕ್ಕೆ ಮತ್ತೊಂದು ಗ್ರಂಥವು ವ್ಯಾಖ್ಯಾನವಾಗಿ ನಿಲ್ಲುವ ವ್ಯವಸ್ಥೆ. ಈ ಸತ್ಯವು ದಕ್ಷಿಣ ಆಫ್ರಿಕದ ಕೇಪ್‌ಟೌನ್ ವಿಶ್ವವಿದ್ಯಾನಿಲಯಕ್ಕೆ ಬಹು ಕಠೋರವಾಗಿ ವೇದ್ಯವಾಯಿತು. 2021ನೆಯ ಇಸವಿ ಏಪ್ರಿಲ್ 18ರಂದು ಟೇಬಲ್ ಪರ್ವತದ ಮಗ್ಗುಲಿನಿಂದ ಹಬ್ಬಿದ ಕಾಡುಕಿಚ್ಚು ಅಲ್ಲಿನ ಜಾಗರ್ ಪುಸ್ತಕಾಲಯದ ವಾಚನಮಂದಿರವನ್ನು ಸುಟ್ಟುಹಾಕಿತು. ಆಫ್ರಿಕಾ ವಿಷಯಕವಾದ ಸುಮಾರು 70,000 ಮುದ್ರಿತ ಗ್ರಂಥಗಳ ಸಂಗ್ರಹದಲ್ಲಿ ಬಹುಭಾಗವು ಭಸ್ಮವಾಯಿತು. ನೆಲಮಾಳಿಗೆಯ ಹಸ್ತಪ್ರತಿಗಳನ್ನು ಬೆಂಕಿತಡೆಯ ಬಾಗಿಲುಗಳು ಕಾಪಾಡಿದುವು; ನೀರಿನಲ್ಲಿ ನೆನೆದುವನ್ನು ಸ್ವಯಂಸೇವಕರು ಹೊರಕ್ಕೆ ಸಾಗಿಸಿದರು.

ಉಳಿದುವುಗಳಲ್ಲಿ ಶಿರೋಮಣಿಪ್ರಾಯವಾದುದು ಬ್ಲೀಕ್–ಲಾಯ್ಡ್ ಸಂಗ್ರಹ. 1997ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ಜಗತ್ತಿನ ಸ್ಮೃತಿನಿಧಿಗಳ ಪಟ್ಟಿಗೆ ಸೇರಿಸಿತು. ಜರ್ಮನ್ ಭಾಷಾಶಾಸ್ತ್ರಜ್ಞರಾದ ವಿಲ್‌ಹೆಲ್ಮ್ ಬ್ಲೀಕರೂ ಅವರ ಪತ್ನಿಯ ಅಕ್ಕನಾದ ಲೂಸಿ ಲಾಯ್ಡರೂ 1870ರ ದಶಕದಲ್ಲಿ ಖಾಮ್ ಜನರ ಬಾಯಿಂದ ಕೇಳಿ ಬರೆದುಕೊಂಡ ಕಥೆಗಳು ಅದರಲ್ಲಿವೆ. ಹೇಳಿದವರಲ್ಲಿ ಅನೇಕರು ಸೆರೆಯಾಳುಗಳು. ಜಾನುವಾರು ಕದ್ದ ಆರೋಪದ ಮೇಲೆ ಶಿಕ್ಷೆಗೊಳಗಾಗಿದ್ದ ಕಾಬೋ ಎಂಬ ಹಿರಿಯರು 1871ರಲ್ಲಿ ಬ್ಲೀಕರ ಮನೆಗೆ ಬಂದರು. ಶಿಕ್ಷೆಯ ಅವಧಿ ಮುಗಿದ ಮೇಲೆಯೂ ನಿಂತು, 1873ರವರೆಗೆ ಕಥೆ ಹೇಳಿದರು. ತಮ್ಮ ಜನರ ಕಥೆಗಳು ಪುಸ್ತಕಗಳ ಮೂಲಕ ಲೋಕಕ್ಕೆ ತಿಳಿಯುವುವೆಂಬುದು ಅವರಿಗೆ ಸಂತೋಷವನ್ನು ಕೊಟ್ಟಿತ್ತು. 1875ರಲ್ಲಿ ಬ್ಲೀಕರು ತೀರಿಕೊಂಡರೂ ಲಾಯ್ಡರು ಕೆಲಸವನ್ನು ಬಿಡಲಿಲ್ಲ. ಆಯ್ದ ಕಥೆಗಳು 1911ರಲ್ಲಿ ಅಚ್ಚಾದುವು.

ಅಚ್ಚಾದ ಪುಸ್ತಕಕ್ಕಿಂತ ಹಸ್ತಪ್ರತಿಯೇ ಮೇಲಾದುದು. ಪುಸ್ತಕದಲ್ಲಿ ಕಥೆಗಳು ಶೀರ್ಷಿಕೆಗಳ ಕೆಳಗೆ ಒಪ್ಪವಾಗಿ ನಿಂತಿವೆ. ಹಸ್ತಪ್ರತಿಯಲ್ಲಾದರೋ ಮೂಲವೂ ಅನುವಾದವೂ ಒಂದರ ಪಕ್ಕದಲ್ಲೊಂದು ಸಾಗಿ, ಎದುರು ಪುಟದಲ್ಲಿ ವಿವರಣೆ ಬೆಳೆಯುತ್ತದೆ. ಹೇಳುವವರ ಪುನರುಕ್ತಿಯನ್ನು ದೋಷವೆಂದು ತಿದ್ದದೆ ಉಳಿಸಿಕೊಂಡದ್ದು ಲಾಯ್ಡರ ಹಿರಿಮೆ. ಆದರೆ ಸಂಗ್ರಹಕ್ಕೆ ಬರೆದುಕೊಂಡವರ ಹೆಸರಿದೆಯೇ ಹೊರತು ಹೇಳಿದವರ ಹೆಸರಿಲ್ಲವೆಂಬ ಕೊರತೆಯನ್ನು ಮರೆಯಲಾಗದು.

ಅಮೂಲ್ಯವಾದುದು ಉಳಿಯಿತು, ಅಚ್ಚಾದ ಪುಸ್ತಕಗಳು ಬೇರೆಡೆ ದೊರೆತಾವು, ಎಂದು ಸಮಾಧಾನಪಡುವವರುಂಟು. ಈ ಸಮಾಧಾನವು ಅರ್ಧಸತ್ಯ. ಕಾಬೋ ಏಕೆ ಸೆರೆಯಾದರು? ಬೇಟೆಯ ನೆಲವು ಯಾರ ಪಾಲಾಯಿತು? ಬೇಟೆಯ ಪ್ರಾಣಿಗಳು ಮರೆಯಾದ ಮೇಲೆ ಜನರು ಏನನ್ನುಂಡು ಬದುಕಿದರು? ಇಂತಹ ಪ್ರಶ್ನೆಗಳಿಗೆ ಉತ್ತರವು ಕಥೆಯಲ್ಲಿ ಮಾತ್ರವಲ್ಲ, ಸರ್ಕಾರದ ವರದಿಗಳಲ್ಲಿ, ಚಿಕ್ಕ ಹೊತ್ತಗೆಗಳಲ್ಲಿ, ವ್ಯಾಕರಣಗಳಲ್ಲಿ ಚದುರಿರುತ್ತದೆ. ಅವನ್ನು ಒಂದೇ ಛಾವಣಿಯ ಕೆಳಗೆ ಕೂಡಿಸುವುದೇ ಸಂಗ್ರಾಹಕರ ವಿದ್ವತ್ತು. ಬಿಡಿ ಪುಸ್ತಕವನ್ನು ಮರಳಿ ಕೊಳ್ಳಬಹುದು. ಕೂಡಿಸಿದ ವಿವೇಕವನ್ನು ಕೊಳ್ಳಲಾಗದು.

ಖಾಮ್ ಭಾಷೆಯನ್ನು ಇಂದು ಮನೆಮಾತಾಗಿ ಆಡುವವರಿಲ್ಲ. 2000ದಲ್ಲಿ ದಕ್ಷಿಣ ಆಫ್ರಿಕವು ತನ್ನ ರಾಜಲಾಂಛನದ ಧ್ಯೇಯವಾಕ್ಯವನ್ನು ಅದೇ ಭಾಷೆಯಲ್ಲಿ ಬರೆಸಿತು. ಅದು ಗೌರವವೇ ಸರಿ. ಆದರೆ ಲಾಂಛನದ ಮಾತು ಭಾಷೆಯನ್ನು ನೆನಪಿಗೆ ತರಬಲ್ಲುದೇ ಹೊರತು ಅದನ್ನಾಡಿದವರಿಗೆ ಏನಾಯಿತೆಂದು ಹೇಳಲಾರದು. ಅದನ್ನು ಹೇಳಬೇಕಾದರೆ ಕಾಬೋ ಅವರ ಕಥೆಯ ಸುತ್ತ ಬರಿದಾದ ಕಪಾಟುಗಳು ಮತ್ತೆ ತುಂಬಬೇಕು.